ಕಾಲಿಂದ

ಕಡಲಿಲ್ಲದ ಊರು ನಮ್ಮದು.
ಆದರೂ ಬಂತು ತುಮಕೂರಿಗೆ,
ಬಟವಾಡಿಯ ಲಾರಿ ಆಫೀಸಿನಲ್ಲಿ
ಹುಣಸೆಹಣ್ಣಿನ ಮೂಟೆಗಳ ಪಕ್ಕ ಮೂರು ದಿನ ಮಲಗಿದ್ದು,
ಒಂದೂವರೆ ಮೀಟರ್ ಉದ್ದದ ಪ್ಲಾಸ್ಟಿಕ್ ಕೊಳವೆ.
ಒಳಗೆ ಸಮುದ್ರದ ತಳ.
ಮೇಲು ಯಾವುದು, ಕೆಳಗು ಯಾವುದು ಎಂದು
ಹಡಗಿನಲ್ಲಿ ಯಾರೋ ಕೆಂಪು ಬಾಣ ಬರೆದಿದ್ದರು.
ಹಮಾಲಿ ದಸ್ತಗೀರ್ ಸಾಬರು ತಲೆಕೆಳಗು ನಿಲ್ಲಿಸಿ ಮೂಗು ಮುಚ್ಚಿಕೊಂಡರು:
"ಏನಮ್ಮಾ ಇದು, ಕೊಳೆತ ಮೊಟ್ಟೆ ವಾಸನೆ!"
ಕೊಳೆತದ್ದೇ ಸಾಬರೇ.
ಸಾವಿರಾರು ವರ್ಷದ ಹಿಂದೆ ಸತ್ತದ್ದು
ಇನ್ನೂ ಉಸಿರು ಬಿಡುತ್ತಿದೆ.

ಲ್ಯಾಬಿನಲ್ಲಿ ನನ್ನ ಕೆಲಸ ಇಷ್ಟೆ.
ಎರಡು ಗಾಜಿನ ನಡುವೆ ಆ ಕೆಸರು ತುಂಬಿ
ತಳದಿಂದ ಸೂಜಿಯಲ್ಲಿ ಗಾಳಿ ಬಿಟ್ಟು
ಹೇಗೆ ಮೇಲೇರುತ್ತದೆಂದು ಕಾಯುವುದು.
ಮರಳಾದರೆ ಸಂದಿಯಿಂದ ಸಂದಿಗೆ ನುಸುಳುತ್ತದೆ,
ಸಿಟಿ ಬಸ್ಸಿನಲ್ಲಿ ಶಾಲೆ ಮಕ್ಕಳು ನುಸುಳುವ ಹಾಗೆ.
ಜೇಡಿಯಲ್ಲಿ ದಾರಿಯೇ ಇಲ್ಲ.
ನಿಲ್ಲುತ್ತದೆ. ಒತ್ತುತ್ತದೆ. ಮತ್ತೆ ನಿಲ್ಲುತ್ತದೆ.
ಆಮೇಲೆ, ಸರಿಯಾಗಿ ನಾನು ಚಹಾಕ್ಕೆ ಹೋದಾಗ,
ಮಣ್ಣನ್ನು ಸೀಳಿ
ವೀಳ್ಯದೆಲೆಯಷ್ಟು ತೆಳುವಾಗಿ ನೆಟ್ಟಗೆ ನಿಂತುಬಿಡುತ್ತದೆ.

ಹನ್ನೊಂದು ಸಲ ಮಾಡಿದೆ. ಏಳು ಕೆಟ್ಟವು.
ಬಿಟ್ಟ ಗಾಳಿಗಿಂತ ಮೊದಲೇ
ಬಿಡದ ಗಾಳಿ ಒಳಗೆ ಕೂತಿತ್ತು.

ಭಾನುವಾರ ಶಿರಾ ಬಸ್ಸು ಹತ್ತಿದೆ.
ಸೋದರತ್ತೆ ಗಂಗಹನುಮಕ್ಕ ಹಿತ್ತಲಲ್ಲಿ ಮಣ್ಣು ತುಳಿಯುತ್ತಿದ್ದಳು,
ಹಿಮ್ಮಡಿಯಲ್ಲಿ ಶುರುವಾಗಿ ಬೆರಳಲ್ಲಿ ಮುಗಿಯುವ ಹೆಜ್ಜೆ.
ನನ್ನ ಕೆಲಸ ಕೇಳಿ ಸೀರೆ ಬಾಯಿಗಿಟ್ಟು ನಕ್ಕಳು:
"ನಮ್ಮೋರೆಲ್ಲ ಮಣ್ಣಿಂದ ಗಾಳಿ ತೆಗ್ದೂ ತೆಗ್ದೂ ಸತ್ರು,
ನೀನು ಓದ್ಬಿಟ್ಟು ಗಾಳಿ ಹಾಕ್ತೀಯಾ?"
ಆಮೇಲೆ ನಗದೆ:
"ಒಂದು ಗುಳ್ಳೆ ಸಾಕು ಕಣೆ. ಆವಿಗೇಲಿ
ತಾನೂ ಒಡೀತೈತೆ, ಪಕ್ಕದ್ದನ್ನೂ ಒಡೀತೈತೆ."

ಉಂಡೆಯೊಂದನ್ನು ಕಿವಿಯ ಹತ್ತಿರ ಹಿಡಿದು ತಟ್ಟಿದಳು.
ನನಗೇನೂ ಕೇಳಲಿಲ್ಲ.
"ಇಲ್ಲೈತೆ" ಎಂದು ಹೆಬ್ಬೆರಳು ಒತ್ತಿದಳು.
ಪಟ್ ಎಂದಿತು.

ಈಗ ರಾತ್ರಿ, ವಾಚ್‌ಮನ್ ಪುಟ್ಟರೇವಯ್ಯ ಮಲಗಿದ ಮೇಲೆ,
ಲ್ಯಾಬಿನ ಟ್ರೇಯಲ್ಲಿ ಚಪ್ಪಲಿ ಬಿಟ್ಟು ನಿಲ್ಲುತ್ತೇನೆ.
ಮೊದಲ ಸಲ ಜಾರಿ ಸಿಂಕು ಹಿಡಿದುಕೊಂಡೆ.
ತಣ್ಣಗಿತ್ತು. ಯಾರೂ ಎಂದೂ ಕಾಲಿಡದ ತಳ ಅದು.
ಗಾಜಿನಲ್ಲಿ ಈಗ ನಾನು ಬಿಟ್ಟ ಗುಳ್ಳೆ ಮಾತ್ರ
ತಾನು ಸೀಳಿದ ದಾರಿಯಲ್ಲಿ ಏರುತ್ತದೆ;
ಅದು ದಾಟಿದ ಮೇಲೆ ಮಣ್ಣು ಬಾಯಿ ಮುಚ್ಚಿಕೊಳ್ಳುತ್ತದೆ.

ವರದಿಯಲ್ಲಿ ಬರೆದೆ:
ಮಾದರಿಯೊಳಗಿನ ಗಾಳಿಯನ್ನು ಕೈಯಿಂದ ತೆಗೆಯಲಾಗಿದೆ.
ಕಾಲಿಂದ ಎನ್ನಲು ಧೈರ್ಯ ಬರಲಿಲ್ಲ.

ಅತ್ತೆಯದೇ ಹಿಮ್ಮಡಿ ನನ್ನದೂ, ಒಡೆದದ್ದು.
ಆ ಬಿರುಕುಗಳಿಗೆ ಕಡಲ ಉಪ್ಪು ಇಳಿದಿದೆ.
ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ನಡೆಯುವಾಗ
ಉರಿಯುತ್ತದೆ.