ಎಪ್ಪತ್ತನಾಲ್ಕು

ಡೇಟನ್ನಿನ ಆ ಕಟ್ಟಡದಲ್ಲಿ ಎಡಕ್ಕೆ ಹಲ್ಲಿನ ಡಾಕ್ಟರು,
ಬಲಕ್ಕೆ ಹಾಸಿಗೆಯಂಗಡಿ,
ನಡುವೆ ನಮ್ಮ ಪರೀಕ್ಷೆ.
'ಮತ್ತೆ ಬಂದಿರಾ, ನಂದಾ?' ಡಾರ್ಲೀನ್ ನನ್ನ ಕನ್ನಡಕ ಕಳಚಿಸಿ
ಎರಡೂ ಕಡ್ಡಿ ಬೆಳಕಿಗೆ ಹಿಡಿದು ನೋಡುತ್ತಾಳೆ.
ಅದರಲ್ಲಿ ಬಚ್ಚಿಟ್ಟದ್ದು ಒಂದೇ ಅಂಕಿ, ತಾಯಿ:
ಪ್ಲಸ್ ಎರಡು.

ಜೇಬು ಹೊರಗೆಳೆಯಿರಿ, ಅಂದಳು. ಎಳೆದೆ.
ಬಿತ್ತು ಟೈರಿನ ಗಾಳಿಮೂತಿಯ ಕರಿ ಮುಚ್ಚಳ,
ಕಡಲೆಕಾಳಿನಷ್ಟು.
ಟೈರಂಗಡಿಯ ಲೆಕ್ಕ ಬರೆಯುವವಳ ಜೇಬಲ್ಲಿ ಇನ್ನೇನಿರುತ್ತದೆ?
ಅದನ್ನೂ ಹನ್ನೆರಡನೇ ಲಾಕರಿನಲ್ಲಿಟ್ಟು
ಬೀಗ ಹಾಕಿದಳು, ಬಂಗಾರದ ಹಾಗೆ.

ಒಳಗೆ ಪಕ್ಕದಲ್ಲಿ ವಿಮೆ ಏಜೆಂಟಾಗಲಿರುವ ಹುಡುಗ
ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದ, ಅವನ ದೇವರು ಯಾರೋ.
ನನ್ನ ಪರದೆಯಲ್ಲಿ ಒಂದು ಲಾರಿಯ ಸವಕಳಿ:
ಕೊಂಡ ಬೆಲೆ, ಆಯಸ್ಸು ಎಂಟು ವರ್ಷ,
ಕೊನೆಗೆ ಗುಜರಿಗೆ ಎಷ್ಟು.

ಇದೆಲ್ಲ ಮೂರನೇ ಸಲ.

ಮನೆಯಲ್ಲಿ ರಾತ್ರಿ, ಅಕ್ಕಿ ಡಬ್ಬಿಗೆ ಒರಗಿಸಿದ ಚೀಟಿಗಳು.
ಧಾರಿಣಿ ಕೇಳುತ್ತಾಳೆ, ಎಂಟನೇ ಕ್ಲಾಸಿನ ಗತ್ತಿನಲ್ಲಿ;
ಚಪಾತಿ ಲಟ್ಟಿಸುತ್ತ ನಾನು ಉತ್ತರಿಸುತ್ತೇನೆ.
ಬಾಡಿಗೆಗೆ ಹಿಡಿದದ್ದೂ ಆಸ್ತಿಯಂತೆ ಈಗ, ಹೊಸ ನಿಯಮ:
ಕಟ್ಟಡ ನಿನ್ನದಲ್ಲ, ಅದರಲ್ಲಿರುವ ಹಕ್ಕು ನಿನ್ನದು;
ಅದನ್ನೊಂದು ಕಡೆ ಬರೆ,
ಕೊಡಬೇಕಾದ್ದನ್ನೆಲ್ಲ ಇನ್ನೊಂದು ಕಡೆ.
ಮೂರನೇ ಮಹಡಿ, ಸೋರುವ ನಲ್ಲಿ, ಹೀಟರಿನ ಕೆಮ್ಮು,
ಕರಾರು ಇನ್ನೂ ಹದಿನಾಲ್ಕು ತಿಂಗಳು.
'ಮಮ್ಮಿ, ಹಾಗಾದ್ರೆ ನಾವು ಶ್ರೀಮಂತರಾ?'
ಅಷ್ಟೇ ಸಾಲಗಾರರೂ, ಮಗಳೇ. ಮುಂದಿನ ಚೀಟಿ.

ಮುಂದಿನದು: ಈ ಸಂಸ್ಥೆ
ಇನ್ನೊಂದು ವರ್ಷ ನಡೆದೀತೆಂದು ನಂಬಬಹುದೇ?
ಗಟ್ಟಿ ಅನುಮಾನವಿದ್ದರೆ
ಬರೆದು ಹೇಳಬೇಕು ಲೆಕ್ಕ ತಪಾಸಿಗ.
ಈ ಪ್ರಶ್ನೆ ನಾನು ಎಂದೂ ತಪ್ಪಿದವಳಲ್ಲ.
ಆ ಹೊತ್ತು ಮಾತ್ರ ಬೆರಳಿನ ಹಿಟ್ಟು ಒಣಗುವ ತನಕ
ಸುಮ್ಮನೆ ನಿಂತೆ.

ಗದುಗಿನ ಕಾಲೇಜಿನಲ್ಲಿ ವಸ್ತ್ರದ ಮಾಸ್ತರು
ಸೀಮೆಸುಣ್ಣ ಮುರಿಯುವಷ್ಟು ಒತ್ತಿ ಬರೆಯುತ್ತಿದ್ದರು:
ಬಂದದ್ದಕ್ಕ ಖರ್ಚು, ಹೋದದ್ದಕ್ಕ ಜಮಾ.
ನಮಗೆ ನಗು. ಬಂದರ ಖರ್ಚು ಹೆಂಗ ಸರ್?
'ಬರಲಿ ತಡಿ, ಆಮ್ಯಾಲೆ ತಿಳೀತದ.'

ತಾಳೆಪಟ್ಟಿಯಲ್ಲಿ ಒಂದು ಪೈಸೆ ಕಡಿಮೆ ಬಂದರೆ
ಮನೆಗೆ ಬಿಡುತ್ತಿರಲಿಲ್ಲ.
ನನ್ನ ಕಿಸೆಯಿಂದ ಕೊಡತೀನಿ ಅಂದ ಹುಡುಗನ
ಕಿವಿ ಹಿಂಡಿದ್ದರು:
'ಸಣ್ಣ ತಪ್ಪಿನ ಹಿಂದ ಎರಡು ದೊಡ್ಡ ತಪ್ಪು
ಬೆನ್ನಿಗೆ ಬೆನ್ನು ಹಚ್ಚಿ ಕುಂತಿರತಾವ.'

ಫಲಿತಾಂಶ ಬಂದದ್ದು ಮಂಗಳವಾರ, ಅಂಗಡಿಯಲ್ಲಿ,
ಗಿರಾಕಿಯೊಬ್ಬ ಪಂಕ್ಚರಿನ ಬಿಲ್ಲಿಗೆ ಜಗಳವಾಡುತ್ತಿದ್ದಾಗ.
ಎಪ್ಪತ್ತೈದಕ್ಕೆ ಪಾಸು.
ನನಗೆ ಎಪ್ಪತ್ತನಾಲ್ಕು.
ಗಿರಾಕಿಗೆ ಎರಡು ಡಾಲರು ಬಿಟ್ಟುಕೊಟ್ಟೆ.

'ಒಂದೇ ಮಾರ್ಕು ಮಮ್ಮಿ,' ಎಂದಳು ಧಾರಿಣಿ, ಸಮಾಧಾನಕ್ಕೆ.
ಆ ಒಂದನ್ನು ಹುಡುಕುತ್ತ ಕೂತೆ, ಹಿಮ ಗೋರುವ ಲಾರಿ
ಕೆಳಗಿನ ಬೀದಿಯನ್ನು ಎರಡು ಸಲ ಹೆರೆದುಹೋಗುವ ತನಕ.
ಆಗ ನೆನಪಾಯಿತು ಮಾಸ್ತರ ಇನ್ನೊಂದು ಉಪಾಯ:
ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ
ಎಲ್ಲೋ ಅಂಕಿ ಹಿಂದುಮುಂದಾಗಿದೆ.

ಅಂಕ ಎಪ್ಪತ್ತನಾಲ್ಕು. ವಯಸ್ಸು ನಲವತ್ತೇಳು.
ಕಳೆದರೆ ಇಪ್ಪತ್ತೇಳು.
ಒಂಬತ್ತ್ ಮೂರ್ಲೆ ಇಪ್ಪತ್ತೇಳು.
ಬಿ.ಕಾಂ. ಮುಗಿದೂ ಅಷ್ಟೇ ವರ್ಷ.

ನಕ್ಕುಬಿಟ್ಟೆ, ಒಬ್ಬಳೇ, ಅಡುಗೆಮನೆಯಲ್ಲಿ.
ಇದಕ್ಕೇನೂ ಅರ್ಥವಿಲ್ಲ, ಗೊತ್ತು.
ಕೆಲವು ತಪ್ಪು ಸಿಗುವುದೇ ಇಲ್ಲ;
ಅನಾಮತು ಖಾತೆಗೆ ಹಾಕಿ ಪುಟ ತಿರುವಬೇಕು.

ಮಾರ್ಚ್ ಹನ್ನೊಂದಕ್ಕೆ ಮತ್ತೆ ದುಡ್ಡು ಕಟ್ಟಿದ್ದೇನೆ.
ಬೆಳಿಗ್ಗೆ ಕಾರಿನ ಹಿಮ ಒರೆಸುವಾಗ ಕಂಡಿತು,
ಹಿಂದಿನ ಬಲಗಾಲಿಗೆ ಮುಚ್ಚಳವಿಲ್ಲ.
ಕೋಟಿನ ಜೇಬಿಗೆ ಕೈಹಾಕಿದೆ. ಇತ್ತು.
ಚಳಿಗೆ ಬೆರಳು ಮಾತು ಕೇಳದೆ ಎರಡು ಸಲ ಜಾರಿತು.
ಕೈಗವಸು ಕಚ್ಚಿ ಕಳಚಿ, ಉಸಿರೂದಿ,
ಮತ್ತೆ ತಿರುಗಿಸಿದೆ.