ಬೂದು ಬಟಾಣಿ

ಐದಕ್ಕೆ ಡಿಪೋ ಬಿಡಬೇಕು ಟ್ರಾಮು.
ನಾನು ಎರಡೂವರೆಗೇ ಎದ್ದು ಕೂತಿರುತ್ತೇನೆ
ತಣ್ಣನೆ ನೆಲಕ್ಕೆ ಪಾದ ಊರಿ,
ಇರುವುದೆಲ್ಲ ಬರಲಿ, ಈಗಲೇ ಬಂದುಬಿಡಲಿ ಎಂದು
ಬಾಕಿ ವಸೂಲಿಗೆ ಬಂದವಳಂತೆ.
ಬರುವುದಿಲ್ಲ.
ಅದಕ್ಕೆ ಬೇಕಾದದ್ದು ಸೇತುವೆ.

ರೀಗಾದ ಕಲ್ಲುಸೇತುವೆ. ಈ ದಡದ ನಿಲ್ದಾಣ ಬಿಟ್ಟರೆ
ಆ ದಡದವರೆಗೆ ನಿಲ್ಲುವಂತಿಲ್ಲ.
ನಾಲ್ಕು ನಿಮಿಷ. ಕೆಳಗೆ ದೌಗಾವಾ ನದಿ,
ಬೆನ್ನ ಹಿಂದೆ ಅರವತ್ತು ಜನ, ಒದ್ದೆ ಕೋಟುಗಳ ವಾಸನೆ,
ಹೊಕ್ಕುಳ ಕೆಳಗೆ ಯಾರೋ ಹಸಿ ಬಟ್ಟೆ ಹಿಂಡುತ್ತಾರೆ,
ಬಿಡುತ್ತಾರೆ, ಮತ್ತೆ ಹಿಂಡುತ್ತಾರೆ.
ಹೆದರಿದ್ದಕ್ಕೆ ನುಲಿಯಿತೋ
ನುಲಿದದ್ದಕ್ಕೆ ಹೆದರಿದೆನೋ,
ಹನ್ನೊಂದು ವರ್ಷವಾದರೂ
ಯಾವುದು ಎಂಜಿನ್ನು ಯಾವುದು ಬೋಗಿ ಗೊತ್ತಾಗಿಲ್ಲ.

ನೀರಿನ ಹಾಗೆ ತಿಳಿಯಾಗಿದೆ, ಎಂದರು ಡಾಕ್ಟರು
ಪರದೆಯ ಮೇಲೆ ನನ್ನ ಕರುಳು ತೋರಿಸಿ.
ಏನೂ ಇಲ್ಲ. ಖುಷಿಪಡಿ.
ಆ ‘ಏನೂ ಇಲ್ಲ’ವನ್ನು ಹೊತ್ತುಕೊಂಡು ಮನೆಗೆ ಬಂದೆ.
ಗಂಡ ಕೇಳಿದ, ಏನಂತೆ?
ಏನೂ ಇಲ್ಲವಂತೆ.
ಹಾಗಾದರೆ ಸರಿ, ಎಂದು ಟಿವಿ ಹಾಕಿದ.

ಈ ಊರು ಬೇರೆಯವರಿಗೆ ಗೋಪುರ, ಬಂದರು, ಹೂವಿನಂಗಡಿ.
ನನಗೆ ಪೆಟ್ರೋಲ್ ಬಂಕು, ಕೀಲಿ ಕೌಂಟರಿನಲ್ಲಿ;
ಔಷಧಿ ಅಂಗಡಿಯ ಹುಡುಗಿ, ಮಂಗಳವಾರ ಮಾತ್ರ ಕರುಣೆ;
ಚರ್ಚು ತೆರೆಯುವುದು ಒಂಬತ್ತಕ್ಕೆ, ದೇವರು ಎಷ್ಟು ಬೇಗ ಎದ್ದರೂ.
ಮದುವೆಗಳಿಗೆ ಹೋಗಿಲ್ಲ, ಸಮುದ್ರಕ್ಕೆ ಹೋಗಿಲ್ಲ,
ಮಗಳ ಶಾಲೆಯ ಗಾಯನಕ್ಕೆ ಹೋದೆ, ಬಾಗಿಲ ಬಳಿ ನಿಂತೆ,
ಅವಳ ಸರದಿ ಬಂದಾಗ ಕಾರಿಡಾರಿನ ಕೊನೆಯಲ್ಲಿದ್ದೆ.
ಗೋಡೆಯಾಚೆ ಕೇಳಿಸಿತು. ಚೆನ್ನಾಗಿ ಹಾಡಿದಳು ಅನಿಸುತ್ತದೆ.

ಒಮ್ಮೆ ಟ್ರಾಮು ನಿಲ್ಲಿಸಿಯೇಬಿಟ್ಟೆ, ಸೇತುವೆಗೆ ಮುಂಚೆ.
‘ತಾಂತ್ರಿಕ ದೋಷ’ ಎಂದೆ ಮೈಕಿನಲ್ಲಿ. ಓಡಿದೆ.
ವರದಿಯಲ್ಲಿ ಬರೆಯಬೇಕಿತ್ತು ದೋಷ ಯಾವುದೆಂದು.
ಬ್ರೇಕು, ಎಂದು ಬರೆದೆ.
ಸುಳ್ಳೇನಲ್ಲ.
ಮೆಕ್ಯಾನಿಕ್ಕು ಬಂದು ಎರಡು ಗಂಟೆ ಹುಡುಕಿ
ಅವನೂ ಬರೆದ: ಏನೂ ಇಲ್ಲ.

ಕ್ರಿಸ್‌ಮಸ್ಸಿಗೆ ಬೂದು ಬಟಾಣಿ, ಹಂದಿಕೊಬ್ಬಿನಲ್ಲಿ ಹುರಿದ ಈರುಳ್ಳಿ.
ತಟ್ಟೆಯಲ್ಲಿ ಉಳಿದ ಒಂದೊಂದು ಕಾಳೂ
ಬರುವ ವರ್ಷದ ಒಂದೊಂದು ಕಣ್ಣೀರು.
ಅತ್ತೆ ಔಸ್ಮಾ ಎಣಿಸುತ್ತಾಳೆ.
ಮೂವತ್ತೇಳು, ಎಂದಳು ಈ ಸಲ.
‘ವೆಲ್ಗಾ, ಇಷ್ಟೊಂದು ಅಳುತ್ತೀಯಾ?’
ನಗುತ್ತಲೇ ಅಂದಳು. ಎಲ್ಲರೂ ನಕ್ಕರು.
ಹೊಟ್ಟೆಗೆ ಹಾಕಿಕೊಂಡೆ,
ಬಟಾಣಿಯನ್ನಲ್ಲ, ಮಾತನ್ನು.

ಡಿಪೋದ ಊಟದಲ್ಲೂ ಅದೇ ಬಟಾಣಿ.
ಎದುರಿಗೆ ತಾಲಿವಾಲ್ದಿಸ್, ನೂರು ಕಿಲೋ ಆಳು,
ಅವನು ನಕ್ಕರೆ ಕಿಟಕಿ ಅದುರುತ್ತದೆ.
ಜೋಕು ಹೇಳುತ್ತ ಹೇಳುತ್ತ ಒಂದೊಂದೇ ಕಾಳನ್ನು
ಪೇಪರ್ ನ್ಯಾಪ್ಕಿನ್ನಿನ ಅಡಿಗೆ ತಳ್ಳುತ್ತಿದ್ದ.
ನಾನು ನೋಡಿದೆ.
ನಾನು ನೋಡಿದ್ದನ್ನು ಅವನು ನೋಡಿದ.
ಜೋಕು ಮುಗಿಸಿದ.
ಅವನ ಮುಂದೆಯೂ ಶಾಜೀರಿಗೆಯ ಚಹಾ, ಆರಿಹೋಗಿತ್ತು.

ಹೊರಡುವಾಗ ನನ್ನ ಕೋಟಿನ ಜೇಬಲ್ಲೊಂದು ಚೀಟಿ:
ಸೇತುವೆಗೆ ಮೊದಲಿನ ಬೇಕರಿ, ಹಿಂಬಾಗಿಲು, ೪೭೧೯.
ನಾಲ್ಕಕ್ಕೇ ಒಲೆ ಹಚ್ಚಿರುತ್ತಾರೆ. ಯಾರೂ ಏನೂ ಕೇಳುವುದಿಲ್ಲ.

ಇವತ್ತು ಸೇತುವೆಯ ಮೇಲೆ ಮತ್ತೆ ಹಿಂಡಿತು.
ನಾಲ್ಕು, ಏಳು, ಒಂದು, ಒಂಬತ್ತು,
ನಾಲ್ಕು, ಏಳು, ಎನ್ನುತ್ತ ದಾಟಿದೆ.
ನದಿಯಲ್ಲಿ ಮಂಜುಗಡ್ಡೆ ತೇಲುತ್ತಿತ್ತು, ತುಂಡು ತುಂಡಾಗಿ.
ಆ ಬಾಗಿಲನ್ನು ನಾನಿನ್ನೂ ತೆರೆದಿಲ್ಲ.
ಚೀಟಿ ಮಡಿಕೆಯಲ್ಲಿ ಹರಿಯತೊಡಗಿದೆ.