ಕೈಗವಸು

ಮತುಜಿನ್ಯೋಸಿನ ಮೀನುಪೇಟೆಯಲ್ಲಿ
ನಲವತ್ತೊಂದು ವರ್ಷ ಬರಿಗೈಯಲ್ಲಿ ಐಸು ಬಗೆದವಳು
ನನ್ನಕ್ಕ ಲುಡೊವಿನಾ.
ಗವಸು ತೊಟ್ಟ ಕೈಗೆ ಮೀನಿನ ಸುಳ್ಳು ತಿಳಿಯದು, ಅನ್ನುತ್ತಿದ್ದಳು.
ಕಿವಿರು ಎಷ್ಟೇ ಕೆಂಪಗಿರಲಿ, ಮೂರು ದಿನದ ಮಾಲನ್ನು
ಬಲ ಹೆಬ್ಬೆರಳಲ್ಲೊಮ್ಮೆ ಒತ್ತಿ ಹಿಡಿದುಬಿಡುತ್ತಿದ್ದಳು.

ಫೆಬ್ರವರಿಯಲ್ಲಿ ಕಣ್ಣು ಹಳದಿಯಾಯಿತು.
ಅದಕ್ಕೂ ಮೊದಲಿನ ಬೆನ್ನುನೋವನ್ನು
ಪೆಟ್ಟಿಗೆ ಹೊತ್ತ ಲೆಕ್ಕಕ್ಕೆ ಬರೆದಿದ್ದೆವು,
ಸಡಿಲಾದ ಲಂಗವನ್ನು ವಯಸ್ಸಿನ ಲೆಕ್ಕಕ್ಕೆ.
ಪಿತ್ತನಾಳಕ್ಕೊಂದು ಪುಟ್ಟ ಕೊಳವೆ ಇಟ್ಟರು, ಕಣ್ಣು ಬೆಳ್ಳಗಾಯಿತು.
ನಾನೊಬ್ಬ ಪೆದ್ದ, ಮುಗಿಯಿತೆಂದುಕೊಂಡು
ಬಂದವರಿಗೆಲ್ಲ ವೈನು ಕುಡಿಸಿದೆ.

ಡಾಕ್ಟರ್ ಕೇಯ್ರೋಸ್ ಹಾಳೆಯ ಮೇಲೆ ಬರೆದು ತೋರಿಸಿದರು:
ಇದು ಜಠರ, ಅದರ ಬೆನ್ನಿಗೆ ಅವಿತು ಮಲಗಿದ್ದು ಮೇದೋಜೀರಕ,
ಇದು ಕರುಳಿಗೆ ನೆತ್ತರೊಯ್ಯುವ ನಾಳ,
ಇದು (ಪೆನ್ನು ಸುತ್ತಿತು, ಮತ್ತೊಮ್ಮೆ ಸುತ್ತಿತು)
ನಾಳವನ್ನು ತಬ್ಬಿಕೊಂಡ ಗಡ್ಡೆ.
"ಕತ್ತಿ ಹಾಕುವಂತಿಲ್ಲ."

ನಾನು ಜಗಳಕ್ಕೆ ನಿಂತೆ. ಲಿಸ್ಬನ್ನಿನಲ್ಲಿ? ಪ್ಯಾರಿಸಿನಲ್ಲಿ? ದುಡ್ಡು ಸುರಿದರೆ?
ಅಕ್ಕ ಮೊಣಕೈ ಚಿವುಟಿದಳು:
"ಸುಮ್ಮನಿರೋ ಅಬಿಲಿಯೋ.
ಪಿತ್ತದ ಚೀಲಕ್ಕೆ ಮೊನೆ ತಾಗಿದರೆ ಇಡೀ ಮೀನು ಕಹಿ.
ಎಲ್ಲಿ ಕೊಯ್ಯಬೇಕು ಅನ್ನುವುದನ್ನು ಮೊದಲ ವಾರವೇ ಕಲಿತೆ,
ಎಲ್ಲಿ ಕೊಯ್ಯಬಾರದು ಅನ್ನುವುದಕ್ಕೆ ಹತ್ತು ವರ್ಷ ಹಿಡಿಯಿತು.
ಈಕೆಗೆ ಕಸುಬು ಗೊತ್ತು."

ಆಮೇಲೆ, ಸಗಟಿನ ಬೆಲೆ ಕೇಳುವ ದನಿಯಲ್ಲೇ:
"ವಾಸಿ?"
"ಇಲ್ಲ. ಕುಗ್ಗಿಸಬಹುದು, ತಡೆದು ನಿಲ್ಲಿಸಬಹುದು.
ಎಷ್ಟು ಕಾಲ ಅಂತ ಹೇಳಹೋದರೆ ಸುಳ್ಳಾದೀತು."
ತಕ್ಕಡಿ ಸಮ ನಿಂತಾಗ ಮಾಡುವ ಹಾಗೆ
ಒಂದೇ ಸಲ ತಲೆಯಾಡಿಸಿದಳು.

ಉದ್ರಿ ಪುಸ್ತಕವನ್ನು ಹಿಂದಿನಿಂದ ಬರೆಯತೊಡಗಿದೆ.
ಮುಂದಿನಿಂದ: ಬಾರಿನ ಒಝೋರಿಯೋ, ಸಾರ್ಡೀನು ನಾಲ್ಕು ಕಿಲೋ, ಬಾಕಿ.
ಹಿಂದಿನಿಂದ: ಹಲ್ಲಿನ ವೈದ್ಯರಿಗೆ ಮೊದಲೇ ತೋರಿಸುವುದು.
ಕೊರಳೆಲುಬಿನ ಕೆಳಗೆ, ಚರ್ಮದೊಳಗೆ ನಾಣ್ಯದಷ್ಟು ಬಿಲ್ಲೆ, ಸೂಜಿಗೆ ಬಾಗಿಲು.
ಮೊದಲ ತುತ್ತಿನ ಜೊತೆಗೇ ಮಾತ್ರೆ, ಉಂಡ ಮೇಲಲ್ಲ.
ಜ್ವರ ಮೂವತ್ತೆಂಟು ಮುಟ್ಟಿದರೆ ನಡುರಾತ್ರಿಯಾದರೂ ಫೋನು.
ಎರಡು ವಾರಕ್ಕೊಮ್ಮೆ ಆಸ್ಪತ್ರೆ; ಮದ್ದಿನ ಬುಡ್ಡಿ ಸೊಂಟಕ್ಕೆ ಕಟ್ಟಿಕೊಂಡು
ಎರಡು ದಿನ ಮನೆಯಲ್ಲಿ.
ನೋವು ನೋಡಿಕೊಳ್ಳುವ ನರ್ಸು ಈಗಿನಿಂದಲೇ ಬರುತ್ತಾರೆ.
"ಈಗಿನಿಂದಲೇ" ಎನ್ನುವಲ್ಲಿ ನನ್ನ ಅಕ್ಷರ ಸೊಟ್ಟಗಾಗಿದೆ.

ಏಳುವ ಹೊತ್ತಿಗೆ ಡಾಕ್ಟರ್ ನೆನಪು ಮಾಡಿಕೊಂಡರು:
ಮದ್ದು ಹೋದ ದಿನಗಳಲ್ಲಿ ತಣ್ಣಗಿನದನ್ನು ಮುಟ್ಟಬಾರದು.
ಫ್ರಿಜ್ಜಿನ ಬಾಗಿಲು, ನಲ್ಲಿಯ ನೀರು, ಟ್ರಾಮಿನ ಕಂಬಿ,
ಬೆರಳಿಗೆ ಮುಳ್ಳು ಹೊಕ್ಕಂತಾದೀತು.
"ಐಸು?"
"ಐಸಂತೂ ಕೂಡದು."

ಕ್ಯಾನ್ಸರಿಗೆ ಅಳದವಳು ಐಸಿಗೆ ಅತ್ತಳು.

ಎದುರು ಕಟ್ಟೆಯ ಗುಮೆರ್ಸಿಂಡಾ,
ಒಂದು ಬಕೆಟ್ ಕೊಳೆನೀರಿನ ವಿಷಯಕ್ಕೆ
ಹನ್ನೊಂದು ವರ್ಷದಿಂದ ಮಾತು ಬಿಟ್ಟವಳು,
ಶುಕ್ರವಾರ ನಮ್ಮ ತಕ್ಕಡಿಯ ತಟ್ಟೆಗೆ ಏನೋ ಎಸೆದು ಹೋದಳು.
ಹಳೆ ಪೇಪರಿನಲ್ಲಿ ಉಣ್ಣೆಗವಸು, ಇಟ್ಟಿಗೆಗೆಂಪು,
ಒಂದರ ಹೆಬ್ಬೆರಳು ತುಸು ಉದ್ದ.
ತೂಕ ತೊಂಬತ್ತು ಗ್ರಾಂ.
ಅಕ್ಕ ಪೇಟೆಗೆಲ್ಲ ಕೇಳುವಂತೆ ಕೂಗಿದಳು: "ಕಿಲೋಗೆ ಎಷ್ಟೇ?"
"ಬಾಕಿ ಬರೆದುಕೋ," ಅಂದಿತು ಎದುರು ಕಟ್ಟೆ.
ಬರೆದುಕೊಂಡಿದ್ದೇನೆ. ಮುಂದಿನ ಪುಟಕ್ಕೆ ಸೇರಿದ್ದೋ ಹಿಂದಿನದಕ್ಕೋ
ತಿಳಿಯದೆ ನಡುವೆಲ್ಲೋ.

ಸೋಮವಾರ ಏಳಕ್ಕೆ ಮೊದಲ ಮದ್ದು.
ಭಾನುವಾರ ಪೇಟೆಗೆ ರಜೆ, ಆದರೂ ಬೀಗ ತೆಗೆಸಿದಳು.
ಪೆಟ್ಟಿಗೆಯ ತಳದಲ್ಲಿ ಉಳಿದ ಐಸಿಗೆ
ಎರಡೂ ಕೈ ಮಣಿಕಟ್ಟಿನವರೆಗೆ ಇಳಿಸಿ ನಿಂತಳು,
ಕೆಂಪಾಗುವವರೆಗೆ, ಮರಗಟ್ಟುವವರೆಗೆ.
ನಾನು ಟವೆಲು ಹಿಡಿದು ಕಾದೆ.
"ಸಾಕು," ಅಂದಳು, ನನಗಲ್ಲ.
ಒರೆಸಿಕೊಂಡು ಗವಸು ತೊಟ್ಟಳು.
ಉದ್ದ ಹೆಬ್ಬೆರಳಿನದು ಬಲಗೈಗೇ ಬಂತು.